ಶಾಯಿ ಬೆರಳಿನ ವಾರ

2024ರ ಲೋಕಸಭಾ ಚುನಾವಣೆಯಲ್ಲಿ ನಾವು ಬೆಂಗಳೂರಿನವರು ಓಟು ಹಾಕಿದ್ದು ಏಪ್ರಿಲ್ 26ರ ಶುಕ್ರವಾರ. ಎಣಿಕೆ ಜೂನ್ 4ಕ್ಕೆ. ನಡುವೆ 39 ದಿನ. ದೇಶಕ್ಕೆ ಏಳು ಹಂತ, ರಾಜ್ಯಕ್ಕೆ ಎರಡು. ನಮ್ಮ ಸರದಿ ಮುಗಿದರೂ ಬೇಸಗೆ ಪೂರ್ತಿ ಬಾಕಿ ಇತ್ತು. ಮತಗಟ್ಟೆ ಸಮೀಕ್ಷೆಗಳನ್ನು ಕೂಡ ಜೂನ್ 1ರ ಸಂಜೆಯವರೆಗೆ ಪ್ರಕಟಿಸುವ ಹಾಗಿರಲಿಲ್ಲ. ಹಾಗಾಗಿ ಪಾರ್ಕಿನ ಕಲ್ಲುಬೆಂಚು, ಕಾಫಿ ಹೋಟೆಲಿನ ಮುಂಗಟ್ಟು, ಹಾಲಿನ ಬೂತು, ಎಲ್ಲಿ ನೋಡಿದರೂ ಲೆಕ್ಕಾಚಾರವೋ ಲೆಕ್ಕಾಚಾರ. ಯಂತ್ರದೊಳಗೆ ಬೀಗಮುದ್ರೆ ಬಿದ್ದು ಕೂತಿರುವ ಓಟು ಯಾರ ಲೆಕ್ಕಾಚಾರಕ್ಕೂ ಒಂದಂಕಿಯೂ ಅತ್ತಿತ್ತ ಆಗುವುದಿಲ್ಲ. ಆದರೂ ಮನಸ್ಸು ಅಲ್ಲೇ ಸುತ್ತುತ್ತದೆ. ಇಂಥ ಹೊತ್ತಿನಲ್ಲಿ ಕೈಗೆ ಒಂದು ಕೆಲಸ, ಕಿವಿಗೆ ಒಂದು ಹಾಡು ಇದ್ದವರು ಉಳಿದವರಿಗಿಂತ ಚೆನ್ನಾಗಿ ಕಾಯುತ್ತಾರೆ ಎಂದು ನನಗೆ ಆ ವಾರ ಕಣ್ಣಾರೆ ಗೊತ್ತಾಯಿತು. ಚೆನ್ನಾಗಿ ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಮುಂದೆ ಒಳ್ಳೆಯದಾದೀತು ಎನ್ನುವ ಭಾವನೆ ಎಲ್ಲಿಂದಲೋ ಬಂದು ಮೈಮೇಲೆ ಇಳಿಯುವುದಿಲ್ಲ. ಕೈ ಏನಾದರೊಂದನ್ನು ಮಾಡುತ್ತಾ ಇದ್ದಾಗ ಅದು ತಾನಾಗಿ ಹುಟ್ಟುತ್ತದೆ.

ಶನಿವಾರ ಬೆಳಿಗ್ಗೆ ಪಿಟೀಲು ಎತ್ತಿಕೊಂಡಾಗ ಮೊದಲು ಕಣ್ಣಿಗೆ ಬಿದ್ದದ್ದು ಶಾಯಿ. ಓಟಿನ ಗುರುತು ಬೀಳುವುದು ಎಡಗೈ ತೋರುಬೆರಳಿಗೆ. ನಮ್ಮ ಕರ್ನಾಟಕ ಶೈಲಿಯ ಪಿಟೀಲಿನಲ್ಲಿ ಹೆಚ್ಚು ಓಡಾಡುವ ಬೆರಳೂ ಅದೇ. ನೆಲದ ಮೇಲೆ ಕೂತು, ವಾದ್ಯದ ಸುರುಳಿ ತಲೆಯನ್ನು ಬಲಪಾದದ ಹತ್ತಿರ ಊರಿ, ಕಮಾನು ಎಳೆಯುವಾಗ ಎಡಗೈಯ ತೋರುಬೆರಳು ಮತ್ತು ನಡುಬೆರಳೇ ತಂತಿಯುದ್ದಕ್ಕೂ ಜಾರಿ, ನಡುಗಿ, ಗಮಕಗಳನ್ನು ಹೊರಡಿಸಬೇಕು. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಎಳೆದ ನೇರಳೆ ಗೀಟು ಒಂದು ರಾತ್ರಿಯಲ್ಲಿ ಕಪ್ಪಾಗಿತ್ತು. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ಅಂಟಿ ಬೆಳಕಿಗೆ ಬಿದ್ದರೆ ಕಪ್ಪು ತಿರುಗುತ್ತದೆ, ಸೋಪು ಎಣ್ಣೆ ಯಾವುದಕ್ಕೂ ಜಗ್ಗುವುದಿಲ್ಲ. ಚರ್ಮದ ಮೇಲಿನದು ಬೇಗ ಮಾಯುತ್ತದೆ. ಉಗುರಿನ ಮೇಲಿನದು ಮಾತ್ರ ಉಗುರು ಬೆಳೆದು ಕತ್ತರಿಸಿ ಹೋಗುವ ತನಕ ವಾರಗಟ್ಟಲೆ ಉಳಿಯುತ್ತದೆ.

ಈ ಶಾಯಿ ನಮ್ಮ ಮೈಸೂರಿನದು ಎಂಬುದು ನನಗೆ ಪ್ರತಿ ಚುನಾವಣೆಯಲ್ಲೂ ಹೆಮ್ಮೆ ತರುವ ವಿಷಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ಇದನ್ನು ತಯಾರಿಸುತ್ತದೆ. 1962ರ ಮಹಾಚುನಾವಣೆಯಿಂದ ಹಿಡಿದು ಇಡೀ ದೇಶದ ಬೆರಳಿಗೆ ಹಚ್ಚುವುದು ಮೈಸೂರಿನ ಶಾಯಿಯನ್ನೇ. ಕಾಶ್ಮೀರದ ಅಜ್ಜಿಯ ಬೆರಳಿನಲ್ಲೂ ಕನ್ಯಾಕುಮಾರಿಯ ಬೆಸ್ತರ ಬೆರಳಿನಲ್ಲೂ ನಮ್ಮ ಊರಿನ ಗುರುತು ಇದೆ ಎಂದುಕೊಂಡಾಗ ದೇಶ ಎನ್ನುವುದು ಭೂಪಟದಿಂದ ಇಳಿದು ಕೈಗೆ ಸಿಗುವಷ್ಟು ಹತ್ತಿರ ಬರುತ್ತದೆ.

ನಮ್ಮ ಎದುರುಮನೆಯಲ್ಲಿ ಒಬ್ಬರು ಪ್ರೈಮರಿ ಶಾಲೆಯ ಟೀಚರ್ ಇದ್ದಾರೆ. ಅವರಿಗೆ ಈ ಸಲ ಎಲೆಕ್ಷನ್ ಡ್ಯೂಟಿ ಬಿದ್ದಿತ್ತು. ಗುರುವಾರ ಬೆಳಿಗ್ಗೆಯೇ ಮಸ್ಟರಿಂಗ್ ಕೇಂದ್ರಕ್ಕೆ ಹೋಗಿ, ಯಂತ್ರ, ಪಟ್ಟಿ, ಲಕೋಟೆ, ಅರಗು, ದಾರ ಎಲ್ಲ ಎಣಿಸಿಕೊಂಡು ಬಸ್ಸಿನಲ್ಲಿ ಮತಗಟ್ಟೆ ಸೇರಿ, ಅಲ್ಲೇ ತರಗತಿಯ ಬೆಂಚು ಜೋಡಿಸಿಕೊಂಡು ಮಲಗಿ, ಶುಕ್ರವಾರ ಇನ್ನೂ ಕತ್ತಲಿರುವಾಗ ಎದ್ದವರು. ಏಳು ಗಂಟೆಗೆ ಮತದಾನ ಶುರುವಾಗುವ ಮೊದಲು ಪಕ್ಷಗಳ ಏಜೆಂಟರ ಮುಂದೆ ಅಣಕು ಮತದಾನ ಆಗಬೇಕು. ಕನಿಷ್ಠ 50 ಓಟು ಒತ್ತಿ, ಎಣಿಸಿ, ತಾಳೆ ನೋಡಿ, ಎಲ್ಲ ಅಳಿಸಿ, ಯಂತ್ರ ಸೊನ್ನೆಗೆ ಬಂದದ್ದನ್ನು ತೋರಿಸಿ ಮುದ್ರೆ ಹಾಕಬೇಕು. ಟೀಚರ್ ಎರಡನೇ ಮತಗಟ್ಟೆ ಅಧಿಕಾರಿ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವುದು, ಚೀಟಿ ಬರೆದು ಕೊಡುವುದು, ಶಾಯಿ ಹಚ್ಚುವುದು ಅವರ ಪಾಲಿನ ಕೆಲಸ.

“ಏನ್ ಗೊತ್ತಾ ಅಕ್ಕ, ಮುಖ ನೋಡೋಕೆ ಪುರುಸೊತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆ ಆರರವರೆಗೆ ಬರೀ ಬೆರಳೇ ನೋಡಿದ್ದು” ಎಂದರು ಶನಿವಾರ ಮಧ್ಯಾಹ್ನ ಕಾಫಿ ಕುಡಿಯುತ್ತಾ. ಮೆಹಂದಿ ಹಚ್ಚಿದ ಬೆರಳು, ಸುಣ್ಣ ಬಳಿಯುವವರ ಬಿರುಕುಬಿಟ್ಟ ಬೆರಳು, ಹೂ ಕಟ್ಟಿ ಕಟ್ಟಿ ನಾರಿನ ಗೆರೆ ಬಿದ್ದ ಬೆರಳು, ಹೊಲಿಗೆಯವರ ಸೂಜಿ ಚುಚ್ಚಿದ ಬೆರಳು. ಕಾರ್ಖಾನೆಯಲ್ಲಿ ತೋರುಬೆರಳನ್ನೇ ಕಳೆದುಕೊಂಡಿದ್ದ ಒಬ್ಬರು ಕೈ ಹಿಂದಕ್ಕೆಳೆದುಕೊಂಡರಂತೆ. ಅಂಥವರಿಗೆ ಅದೇ ಕೈಯ ಬೇರೆ ಬೆರಳಿಗೆ ಹಚ್ಚಬೇಕೆಂದು ನಿಯಮವೇ ಇದೆ. ಇವರು ಕೈ ಹಿಡಿದು ನಡುಬೆರಳಿಗೆ ಗೀಟೆಳೆದರಂತೆ. “ಸಂಬಳದ ಕೆಲಸ ಅಂತ ಹೋದೆ. ಆದ್ರೆ ಅಷ್ಟು ಜನರ ಕೈ ಹಿಡಿದ ಮೇಲೆ ಅದು ಬರೀ ಕೆಲಸ ಅನ್ನಿಸಲಿಲ್ಲ” ಎಂದರು. ಅವರ ಬಲಗೈಯ ಮೂರು ಬೆರಳಲ್ಲೂ ಶಾಯಿಯ ಕಲೆ ಇತ್ತು. ಹಚ್ಚುವಾಗ ಸೋಕಿದ್ದು.

ನಗರದ ಮೂರು ಕ್ಷೇತ್ರಗಳಲ್ಲಿ ಓಟು ಹಾಕಿದವರು ಶೇ. 54ರ ಆಸುಪಾಸು. ಹತ್ತಿರ ಹತ್ತಿರ ಅರ್ಧ ಊರು ಬರಲೇ ಇಲ್ಲ. ಇದು ನನಗೆ ನೋವು ಕೊಡುವ ಸಂಗತಿ. ಬಿಸಿಲು, ವಾರಾಂತ್ಯದ ರಜೆ, ಪಟ್ಟಿಯಲ್ಲಿ ಹೆಸರಿಲ್ಲ ಎಂದು ಏನೇ ಕಾರಣ ಕೊಟ್ಟರೂ ಆ ನೋವು ಕಮ್ಮಿಯಾಗದು. ಬಂದ ಅರ್ಧ ಊರಿನ ಕೈಗಳ ಬಗ್ಗೆ ಟೀಚರ್ ಹೇಳಿದ್ದನ್ನು ಕೇಳಿದ ಮೇಲೆ ಮಾತ್ರ ಅಂಕಿಸಂಖ್ಯೆಯ ಆಚೆಗೂ ಏನೋ ಇದೆ ಎನ್ನಿಸಿ ಸ್ವಲ್ಪ ಉಸಿರು ಬಂತು.

ಆ ಏಪ್ರಿಲ್ಲಿನ ಬಿಸಿಲು ಈಗ ನೆನೆದರೂ ಮೈ ಬೇಯುತ್ತದೆ. ಭಾನುವಾರ, 28ರಂದು, ನಗರದಲ್ಲಿ 38.5 ಡಿಗ್ರಿ ಮುಟ್ಟಿತು. ಬೆಂಗಳೂರಿನ ಮಟ್ಟಿಗೆ ಅದು ಬಲು ಅಪರೂಪ. ನಗರದ ಹವಾಮಾನ ಕೇಂದ್ರದಲ್ಲಿ ಆ ತಿಂಗಳಿಡೀ ಮಳೆಯೇ ದಾಖಲಾಗಲಿಲ್ಲ. ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚಿನಲ್ಲೇ ಆದೇಶ ಮಾಡಿತ್ತು.

ನಮ್ಮ ಮೇಲ್ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಎರಡು ಹವ್ಯಾಸ ಹಚ್ಚಿಕೊಂಡಿದ್ದಾರೆ: ತಾರಸಿಯ ಮೇಲೆ ಗಿಡ, ಬೆಳಗಿನ ಹೊತ್ತು ಹಕ್ಕಿ. ದಂಡದ ಆದೇಶ ಬಂದ ದಿನದಿಂದ ಅವರು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರು ಎಲ್ಲವನ್ನೂ ಬೇರೆ ಬೇರೆ ಬಕೆಟ್ಟಿಗೆ ತುಂಬಿಸಿಕೊಂಡು, ಕಟ್ಟಡದ ಎಲ್ಲ ಮನೆಗಳಿಂದಲೂ ಕೇಳಿ ತಂದು ಗಿಡಕ್ಕೆ ಹಾಕುತ್ತಿದ್ದರು. ಅಕ್ಕಿ ನೀರು ಕರಿಬೇವಿಗೆ ಮತ್ತು ಮಲ್ಲಿಗೆಗೆ, ಫಿಲ್ಟರಿನ ನೀರು ಅದನ್ನು ತಡೆದುಕೊಳ್ಳುವ ದಪ್ಪ ಎಲೆಯ ಗಿಡಗಳಿಗೆ. ಬೇಗ ಒಣಗುವ ಕುಂಡಗಳ ಬಾಯಿಗೆ ತೆಂಗಿನ ನಾರು ಮುಚ್ಚಿದ್ದರು. ನೆರಳಿನ ಮೂಲೆಯಲ್ಲಿ ಹಕ್ಕಿಗಳಿಗೆಂದು ಒಂದು ಮಣ್ಣಿನ ಅಗಲ ಬಟ್ಟಲು; ಅದರ ನಡುವೆ ಒಂದು ಕಲ್ಲು, ಸಣ್ಣ ಹಕ್ಕಿ ಕಾಲೂರಲಿಕ್ಕೆ. ಕುಟ್ರುಹಕ್ಕಿ ಸಾಮಾನ್ಯವಾಗಿ ಮರದ ತುದಿ ಬಿಟ್ಟು ಕೆಳಗೆ ಬರುವುದಿಲ್ಲ, ಹಣ್ಣಿನಲ್ಲೇ ಅದರ ನೀರಡಿಕೆ ತೀರುತ್ತದೆ. ಆ ವಾರ ಅದೂ ಬಟ್ಟಲಿಗೆ ಬಂತು ಎಂದು ರಾಯರು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ: ತಾರೀಕು, ಗಂಟೆ, ಎಷ್ಟು ಹೊತ್ತು ಕೂತಿತ್ತು ಎಂಬುದೂ ಸೇರಿ.

ಈ ರಾಯರಿಗೂ ಪಕ್ಕದ ಬೀದಿಯ ದಿನಸಿ ಅಂಗಡಿಯವರಿಗೂ ರಾಜಕೀಯದಲ್ಲಿ ಎಣ್ಣೆ ಸೀಗೇಕಾಯಿ. ಪ್ರಚಾರದ ದಿನಗಳಲ್ಲಿ ಹಾಲಿನ ಬೂತಿನ ಮುಂದೆ ಅವರಿಬ್ಬರ ಮಾತು ಎಷ್ಟು ಏರಿತ್ತೆಂದರೆ ಒಂದು ಬೆಳಿಗ್ಗೆ ಹಾಲಿನ ಹುಡುಗ ನಡುವೆ ನಿಂತು “ಸಾರ್, ಹಾಲು ಒಡೆದುಹೋಗುತ್ತೆ” ಅಂದಿದ್ದ. ಇಬ್ಬರೂ ಸಂಗೀತದ ಹುಚ್ಚಿನವರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿಗೆ ಇಬ್ಬರೂ ತಪ್ಪಿಸುವುದಿಲ್ಲ.

ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಎಂದರೆ ಹಳೆಯ ಬೆಂಗಳೂರಿನವರಿಗೆ ಬೇಸಗೆಯ ಇನ್ನೊಂದು ಹೆಸರು. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ್ದು. ದೇಶದ ಮೊದಲ ಮಹಾಚುನಾವಣೆಗಿಂತ ಹಳೆಯದು. ಯುಗಾದಿಯ ಹೊತ್ತಿಗೆ ಪೆಂಡಾಲು ಎದ್ದರೆ ಹೆಚ್ಚುಕಮ್ಮಿ ತಿಂಗಳು ಪೂರ್ತಿ ದಿನಾ ಸಂಜೆ ಕಛೇರಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ವೇದಿಕೆ ಇದು, ಚೌಡಯ್ಯನವರು ನುಡಿಸಿದ ವೇದಿಕೆ. ಚೌಡಯ್ಯನವರು ನಮ್ಮ ತಿರುಮಕೂಡಲಿನವರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡವರು. ಕೊನೆಯ ಸಾಲಿನವನಿಗೂ ಕೇಳಿಸಬೇಕು ಎಂಬ ಆ ಹಟವೇ ನನಗೆ ಅವರ ಮೇಲಿನ ಗೌರವಕ್ಕೆ ಮೊದಲ ಕಾರಣ. ಅವರ ವಿದ್ವತ್ತು ಆಮೇಲಿನದು.

2024ರಲ್ಲಿ ಓಟಿನ ದಿನ ಉತ್ಸವದ ನಟ್ಟನಡುವೆ ಬಿದ್ದಿತ್ತು. ಹಾಗಾಗಿ ಆ ಭಾನುವಾರ ಸಂಜೆ ಪೆಂಡಾಲಿನಲ್ಲಿ ಬೀಸಣಿಗೆಯಂತೆ ಕಾರ್ಯಕ್ರಮ ಪಟ್ಟಿ ಬೀಸುತ್ತಿದ್ದ ಕೈಗಳಲ್ಲೆಲ್ಲ ಕಪ್ಪು ಉಗುರು. ಟೀಚರ್ ನನ್ನ ಪಕ್ಕದಲ್ಲಿ ಕೂತು “ಇದು ಸರಿಯಾಗಿ ಹಚ್ಚಿಲ್ಲ, ಇದು ಚೆನ್ನಾಗಿದೆ” ಎಂದು ಮುಂದಿನ ಸಾಲಿನವರ ಬೆರಳುಗಳನ್ನು ಪರೀಕ್ಷೆ ಮಾಡುತ್ತಿದ್ದರು. ವೇದಿಕೆಯ ಮೇಲೂ ಅದೇ. ಪಕ್ಕವಾದ್ಯದ ಪಿಟೀಲಿನವರು ತಂತಿ ಶ್ರುತಿ ಮಾಡಿಕೊಳ್ಳಲು ಬಿರಡೆ ತಿರುಗಿಸಿದಾಗ ದೀಪದ ಬೆಳಕಿನಲ್ಲಿ ಎಡಗೈಯ ಗೀಟು ಸ್ಪಷ್ಟವಾಗಿ ಕಂಡಿತು. ಆಮೇಲೆ ಇಡೀ ಸಂಜೆ ನನ್ನ ಕಣ್ಣು ಆ ಬೆರಳನ್ನು ಬಿಟ್ಟು ಹೋಗಲಿಲ್ಲ. ಕಲ್ಯಾಣಿಯ ಆಲಾಪನೆಯಲ್ಲಿ ಗಾಯಕಿ ಮೇಲಿನ ಷಡ್ಜದಲ್ಲಿ ನಿಂತಾಗ ಆ ಕಪ್ಪು ಉಗುರು ತಂತಿಯ ಮೇಲೆ ಜಾರುತ್ತಾ ಜಾರುತ್ತಾ ಬಂದು ಅದೇ ಸ್ವರಕ್ಕೆ ತಾಗಿ ನಿಂತಿತು. ಹಾಡುವವರು ಎಲ್ಲಿಗೆ ಹೋಗುತ್ತಾರೆ ಎಂದು ಪಕ್ಕವಾದ್ಯದವರಿಗೆ ಮೊದಲೇ ತಿಳಿದಿರುವುದಿಲ್ಲ. ಒಂದು ಕ್ಷಣ ಹಿಂದೆ ಕೇಳಿದ್ದನ್ನೇ ನಂಬಿ ಹಿಂದೆಯೇ ಹೋಗಬೇಕು. ತನ್ನ ಸರದಿ ಬಂದಾಗ ಅವರು ಹಾಡಿದ್ದಕ್ಕೆ ತನ್ನದನ್ನು ಸೇರಿಸಿ ಹೇಳಬೇಕು, ಅವರನ್ನು ಅಳಿಸಿ ಅಲ್ಲ. ನಮ್ಮ ಶಾಸನಸಭೆಗಳಲ್ಲಿ ಇಂಥ ಒಂದು ಗಂಟೆಯ ಪಕ್ಕವಾದ್ಯ ಕೇಳಲಿಕ್ಕೆ ಸಿಗಲಿ ಎಂದು ನಾನು ಮನಸಾರೆ ಹಾರೈಸಿದೆ.

ಸೆಕೆ ವಾದ್ಯಗಳನ್ನೂ ಬಿಡಲಿಲ್ಲ. ಬಿಸಿಗೆ ಮೃದಂಗದ ಚರ್ಮ ಬಿಗಿದು ಶ್ರುತಿ ಏರುತ್ತದೆ. ಪ್ರತಿ ಕೃತಿ ಮುಗಿದಾಗಲೂ ಮೃದಂಗದವರು ಕಲ್ಲಿನಲ್ಲಿ ಅಂಚನ್ನು ತಟ್ಟಿ ತಟ್ಟಿ ಇಳಿಸಿಕೊಳ್ಳುತ್ತಿದ್ದರು. ಖಂಜಿರದವರ ಪಾಡು ಇನ್ನೂ ಬೇರೆ. ಅದರ ಪುಟ್ಟ ಚರ್ಮಕ್ಕೆ ಒಳಗಿನಿಂದ ನೀರು ಸವರಿ ಸಡಿಲಿಸಿದರೆ ಮಾತ್ರ ಆ ಗುಂಯ್ಗುಡುವ ಕೆಳದನಿ ಬರುತ್ತದೆ. ಆ ಸಂಜೆ ಹಚ್ಚಿದ ನೀರು ಹಚ್ಚಿದ ಹಾಗೇ ಆರುತ್ತಿತ್ತು. ಅವರು ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡು, ಮುಚ್ಚಳದಲ್ಲಿ ಒಂದಿಷ್ಟೇ ಸುರಿದುಕೊಂಡು, ಎರಡು ಬೆರಳು ಅದ್ದಿ ಸವರುತ್ತಿದ್ದರು. ಒಂದು ಹನಿಯೂ ಜಮಖಾನೆಯ ಮೇಲೆ ಬೀಳಲಿಲ್ಲ. ನೀರಿನ ಬೆಲೆ ಗೊತ್ತಾದ ಊರಿನಲ್ಲಿ ಅದನ್ನು ನೋಡಿ ರಾಯರು “ಎಷ್ಟು ಜೋಪಾನ ನೋಡಿ” ಎಂದು ಹಿಂದಿನಿಂದ ಪಿಸುಗುಟ್ಟಿದರು. ತನಿ ಆವರ್ತನದ ಹೊತ್ತಿಗೆ ಸಾಮಾನ್ಯವಾಗಿ ಎದ್ದು ಕಾಫಿಗೆ ಹೋಗುವ ಜನ ಆ ದಿನ ಕದಲಲಿಲ್ಲ. ಮೃದಂಗ, ಖಂಜಿರ ಎರಡೂ ದೊಡ್ಡ ಲೆಕ್ಕದಿಂದ ಶುರುಮಾಡಿ ಅರ್ಧ, ಅರ್ಧದ ಅರ್ಧ ಎಂದು ಕಿರಿದಾಗಿಸುತ್ತಾ, ಕೊನೆಗೆ ಇಬ್ಬರೂ ಸೇರಿ ಮುಕ್ತಾಯದ ಪೆಟ್ಟು ಸಮಕ್ಕೆ ಇಟ್ಟಾಗ ಇಡೀ ಪೆಂಡಾಲಿನ ಕೈಗಳು ತೊಡೆಯ ಮೇಲೆ ಒಟ್ಟಿಗೆ ಬಿದ್ದವು. ದಿನಸಿ ಅಂಗಡಿಯವರ “ಭಲೇ!” ಎಲ್ಲಕ್ಕಿಂತ ಜೋರು, ರಾಯರದು ಅದರ ಬೆನ್ನಿಗೇ. ಅವರಿಬ್ಬರು ಓಟು ಹಾಕಿದ ಚಿಹ್ನೆಗಳು ಬೇರೆ, ನಾಳೆ ಹಾಲಿನ ಬೂತಿನ ಮುಂದೆ ಮತ್ತೆ ಮಾತು ಏರುತ್ತದೆ, ಅದು ಏರಲಿ. ಎರಡು ಮುಕ್ಕಾಲು ಗಂಟೆ ಒಬ್ಬರ ಪಕ್ಕ ಒಬ್ಬರು ಕೂತು ಮೂರನೆಯವರು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಂಡರಲ್ಲ, ನನಗೆ ಅಷ್ಟು ಸಾಕಿತ್ತು.

ಯಾರೋ ವೇದಿಕೆಗೆ ಚೀಟಿ ಕಳಿಸಿದ್ದರು. ಗಾಯಕಿ ಓದಿ, ನಕ್ಕು, ಅಮೃತವರ್ಷಿಣಿಯನ್ನು ಎತ್ತಿಕೊಂಡರು. ಮುತ್ತುಸ್ವಾಮಿ ದೀಕ್ಷಿತರು ಬರದ ಸೀಮೆಯಲ್ಲಿ ಈ ರಾಗ ಹಾಡಿ ಮಳೆ ತರಿಸಿದರು ಎಂಬ ಕಥೆ ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಹಾಡು ಮುಗಿದಾಗ ಮಳೆ ಬರಲಿಲ್ಲ. ಪೆಂಡಾಲಿನಿಂದ ಹೊರಗೆ ಬಂದರೆ ರಸ್ತೆಯ ಟಾರು ಇನ್ನೂ ಬಿಸಿ ಕಾರುತ್ತಿತ್ತು. ಜನ ಮಾತ್ರ ಆಕಾಶ ನೋಡುತ್ತಾ ಮನೆಗೆ ಹೋದರು. ರೆಕಾರ್ಡಿನಲ್ಲಿ ಅದೇ ರಾಗವನ್ನು ಎಷ್ಟು ಸಲ ಕೇಳಿದರೂ ನಾನು ಕಿಟಕಿ ತೆರೆದು ಆಕಾಶ ನೋಡಿದವಳಲ್ಲ. ಎದುರಿಗೆ ಕೂತು ಹಾಡುವವರ ಹಣೆಯ ಬೆವರು ಕಾಣುವಾಗ, ನಮ್ಮ ಸೆಕೆಯೇ ಅವರದೂ ಎಂದು ತಿಳಿದಾಗ, ಹಾಡು ನಮ್ಮೆಲ್ಲರ ಪರವಾಗಿ ಹೊರಟ ಮನವಿಯಾಗುತ್ತದೆ.

ಹವ್ಯಾಸವನ್ನು ಹೊತ್ತು ಕಳೆಯುವ ಸಂಗತಿ ಎಂದು ತಳ್ಳಿಬಿಡುವವರ ಜೊತೆ ನನಗೆ ಯಾವತ್ತೂ ಜಗಳವೇ. ನಮ್ಮ ಊರಿನ ಉದಾಹರಣೆಯೇ ಇದೆ. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದರು. ಇವತ್ತು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿ ಬೆಳಗಿನ ಮೊದಲ ಸದ್ದು ಆ ಪುಟ್ಟ ಪೆಟ್ಟಿಗೆಯದು. ಜೊತೆಗೆ ತಂಬೂರ ಮೀಟುವವರಿಲ್ಲ ಎಂದು ಯಾರ ಅಭ್ಯಾಸವೂ ನಿಲ್ಲಬೇಕಾಗಿಲ್ಲ. ರಾಯರ ತಾರಸಿಯಲ್ಲಿ ದಂಡಕ್ಕೆ ಹೆದರಿ ಗಿಡ ಒಣಗಲು ಬಿಡದೆ ಉಪಾಯ ಹುಡುಕಿದ್ದೂ ಹವ್ಯಾಸವೇ. ಪ್ರೀತಿಯಿಂದ ಒಂದು ಕೆಲಸವನ್ನು ದಿನಾ ಮಾಡುವವರಿಗೆ ‘ಇನ್ನು ಏನೂ ಆಗಲ್ಲ ಬಿಡಿ’ ಎನ್ನುವ ಮಾತು ಬಾಯಿಗೆ ಸುಲಭವಾಗಿ ಬರುವುದಿಲ್ಲ. ನಿನ್ನೆ ಬಾರದ ಪ್ರಯೋಗ ಇವತ್ತು ಬಂದದ್ದನ್ನು ಅವರ ಬೆರಳು ಕಂಡಿರುತ್ತದೆ.

ವಾರದ ನಡುವೆ ಹುಬ್ಬಳ್ಳಿಯಿಂದ ಅಣ್ಣನ ಫೋನು. ಅಲ್ಲಿಯ ಗಾಳಿಗೆ ಅವನ ಮಾತೂ ತಿರುಗಿ ಎಷ್ಟೋ ವರ್ಷವಾಯಿತು. “ನಿಮ್ದೇನ್ ಮುಗೀತು ನೋಡವಾ, ನಮ್ದಿನ್ನೂ ಏಳನೇ ತಾರೀಖ ಅದ” ಎಂದ. ಅವನದು ಹಾರ್ಮೋನಿಯಂ, ಓಣಿಯ ಭಜನಾ ಮೇಳದಲ್ಲಿ. ಸಂಜೆಯಾದರೆ ಪ್ರಚಾರದ ಆಟೋಗಳು ಮೈಕಿನಲ್ಲಿ ಕೂಗುತ್ತಾ ಓಣಿ ಸುತ್ತುತ್ತವೆ, ಅವು ಹೋಗುವ ತನಕ ಮೇಳದವರು ಕಟ್ಟೆಯ ಮೇಲೆ ಚಹಾ ಕುಡಿದು ಆಮೇಲೆ ಶುರುಮಾಡುತ್ತಾರಂತೆ. “ಐದನೇ ತಾರೀಖ ಸಂಜೀಗೆ ಪ್ರಚಾರ ಬಂದ್ ಆಗ್ತದ. ಅವತ್ತ ರಾತ್ರಿ ಹನ್ನೆರಡರ ತನಕಾ ಹಾಡೂದು ಅಂತ ಎಲ್ಲಾರೂ ಮಾತಾಡೇವಿ” ಎಂದು ಹೇಳುವಾಗ ಅವನ ದನಿಯಲ್ಲಿದ್ದ ಸಂಭ್ರಮ ಹಬ್ಬದ ಹಿಂದಿನ ದಿನದ ಹುಡುಗನದು. ಮೇಳದಲ್ಲಿ ಯಾರು ಯಾರಿಗೆ ಓಟು ಹಾಕುತ್ತಾರೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ತಬಲಾದವನು ಮಗಳ ಮದುವೆಗೆ ಊರಿಗೆ ಹೋಗಿದ್ದಾನೆ, ಆ ರಾತ್ರಿಗೆ ಬಂದೇ ಬರುತ್ತೇನೆ ಎಂದಿದ್ದಾನೆ ಎನ್ನುವುದು ಅವನಿಗೆ ಹೆಚ್ಚಿನ ಸುದ್ದಿ.

ಮೇ ತಿಂಗಳು ಕಾಲಿಟ್ಟ ಮೇಲೆ, ವಾರ ಮುಗಿಯುವ ಹೊತ್ತಿಗೆ, ಬೆಂಗಳೂರಿಗೆ ಮಳೆ ಬಂತು. ದೊಡ್ಡದಲ್ಲ. ಆದರೆ ಮಣ್ಣಿನ ವಾಸನೆ ಎದ್ದಿತು, ಬಾಲ್ಕನಿಗಳಿಗೆ ಜನ ಬಂದರು, ರಾಯರು ತಾರಸಿಯಲ್ಲಿದ್ದ ಬಕೆಟ್ಟು, ಕೊಡ, ಹಳೆಯ ಡ್ರಮ್ಮು ಎಲ್ಲವನ್ನೂ ತಗಡಿನ ಅಂಚಿನ ಕೆಳಗೆ ಓಡೋಡಿ ಸಾಲಾಗಿ ಇಟ್ಟರು. ನಾವೆಲ್ಲ ಸಹಾಯಕ್ಕೆ ಹೋದೆವು. ತೊಯ್ದ ಅಂಗಿಯಲ್ಲೇ ನಿಂತು ಅವರು ಕರಿಬೇವಿನ ಕುಂಡದ ನಾರನ್ನು ಸರಿಸಿ ಬೇರಿಗೆ ನೇರವಾಗಿ ಮಳೆ ಬೀಳುವ ಹಾಗೆ ಮಾಡಿದರು.

ಮರುದಿನ ಟೀಚರ್ ನಮ್ಮ ಮನೆಗೆ ಒಂದು ಹಳೆಯ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅಟ್ಟದಿಂದ ಇಳಿಸಿದ್ದು; ಅವರ ತಂದೆಯ ಪಿಟೀಲು. ಭಾನುವಾರದ ಕಛೇರಿ ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲವಂತೆ. ಶಾಲೆ ತೆರೆಯುವುದು ತಿಂಗಳ ಕೊನೆಗೆ, ಅಲ್ಲಿಯವರೆಗೆ ರಜೆ. ನಾನು ಕಲಿಯುವ ಮೇಷ್ಟ್ರ ಹತ್ತಿರ ಇಬ್ಬರೂ ಹೋದೆವು. ಮೇಷ್ಟ್ರು ಪೆಟ್ಟಿಗೆ ತೆರೆದು ವಾದ್ಯವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಕುದುರೆ ಬಿದ್ದುಹೋಗಿತ್ತು, ಎರಡು ತಂತಿ ತುಕ್ಕು ಹಿಡಿದಿದ್ದವು, ಕಮಾನಿನ ಕೂದಲು ಅರ್ಧ ಉದುರಿತ್ತು. ಬೆನ್ನಿನ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. “ಬಿರುಕಿಲ್ಲ. ತಂದೆಯವರು ಚೆನ್ನಾಗಿ ಇಟ್ಟಿದ್ದಾರೆ. ಹೊಸ ತಂತಿ ಹಾಕಿಸೋಣ, ಕಮಾನಿಗೆ ಕೂದಲು ಕಟ್ಟಿಸೋಣ. ಒಂದು ವಾರದ ಕೆಲಸ” ಎಂದರು. ಆಮೇಲೆ ಟೀಚರ ಎಡಗೈ ತೆಗೆದುಕೊಂಡು ಬೆರಳುಗಳ ಉದ್ದ ನೋಡಿದರು, ತೋರುಬೆರಳಿನ ಉಗುರು ನೋಡಿದರು. “ಉಗುರು ಇಷ್ಟು ಉದ್ದ ಇರಬಾರದು. ಕತ್ತರಿಸಿಕೊಂಡು ಬನ್ನಿ” ಎಂದರು. ಶಾಯಿಯ ತುದಿ ಅದರ ಜೊತೆಗೇ ಹೋಗುತ್ತದೆ ಎಂದು ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿದರು.

“ಮಂಗಳವಾರ, ಶುಕ್ರವಾರ ಪಾಠ. ಸಂಜೆ ಐದಕ್ಕೆ. ರಜೆ ಮುಗಿಯೋದ್ರೊಳಗೆ ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಬರಬಹುದು, ಮನೇಲಿ ದಿನಾ ಕೂತರೆ.”

ಟೀಚರ್ ಫೋನು ತೆಗೆದು ತಾರೀಕು ನೋಡಿಕೊಂಡರು. “ಕೂರ್ತೀನಿ ಸಾರ್. ಜೂನ್ ನಾಲ್ಕು ಮಂಗಳವಾರ ಬರುತ್ತೆ. ಕೌಂಟಿಂಗ್ ಡ್ಯೂಟಿ ಬಿದ್ರೂ ಬೀಳಬಹುದು.”

“ಹಾಗಿದ್ರೆ ಬುಧವಾರ ಬನ್ನಿ” ಎಂದು ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.